ಪರಿಚಯಕ್ಕೆ ಹೊಣೆ ಯಾರು? ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಅಪರಿಚಿತರ ಭೇಟಿಯ ಹೊಸ ಕ್ರಮ

1

ಒಂದು ನಾಡಿನ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಅಲ್ಲಿನ ಜನರು ಯಾರನ್ನು ಮದುವೆಯಾದರು, ಯಾವ ವಯಸ್ಸಿನಲ್ಲಿ ಆದರು, ಎಷ್ಟು ವೆಚ್ಚ ಮಾಡಿದರು ಎಂಬುದನ್ನು ವಿಚಾರಿಸುವುದು ವಾಡಿಕೆ. ಆದರೆ ಇವೆಲ್ಲಕ್ಕೂ ಮೊದಲಿನದಾದ ಒಂದು ಪ್ರಶ್ನೆ ಉಂಟು. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಮೊದಲ ಸಲ ಪರಿಚಿತರಾಗುವುದು ಹೇಗೆ? ಆ ಪರಿಚಯಕ್ಕೆ ಹೊಣೆಯಾಗಿ ನಿಲ್ಲುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಇತಿಹಾಸ ಗ್ರಂಥಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಕಾರಣವೇನೆಂದರೆ, ಹಿಂದೆ ಅದರ ಉತ್ತರ ಎಲ್ಲರಿಗೂ ತಿಳಿದೇ ಇದ್ದಿತು. ಇಂದು ಆ ಉತ್ತರ ನಮ್ಮ ಕಣ್ಣೆದುರಿಗೇ ಬದಲಾಗುತ್ತಿದೆ.

ಮೊಬೈಲ್ ಫೋನಿನ ಆ್ಯಪ್ ಒಂದರ ಮೂಲಕ, ಸಮೀಪದಲ್ಲಿಯೇ ಇರುವ ಅಪರಿಚಿತರನ್ನು ಗೊತ್ತುಮಾಡಿಕೊಂಡು, ಮಾತನಾಡಿ, ಮನಸ್ಸಿಗೆ ಬಂದರೆ ಭೇಟಿಯಾಗುವ ಪದ್ಧತಿಗೆ ಆನ್‌ಲೈನ್ ಡೇಟಿಂಗ್ ಎಂಬ ಹೆಸರು ಬಳಕೆಯಲ್ಲಿದೆ. ವಿವಾಹದ ಸಂಕಲ್ಪ ಅದರಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಸ್ನೇಹ, ಪ್ರಣಯ, ಕೆಲವು ದಿನಗಳ ಒಡನಾಟ, ಯಾವುದಾದರೂ ಅದರ ಗುರಿಯಾಗಿರಬಹುದು. ಇದನ್ನು ಮಹಾನಗರದ ವಿಲಾಸವೆಂದು ಭಾವಿಸಿ ಬದಿಗಿಡುವವರು ಉಂಟು. ಆದರೆ ಇದರ ಪರಿಣಾಮ ಹೆಚ್ಚು ತೀಕ್ಷ್ಣವಾಗಿ ತಿಳಿಯುವುದು ಮಹಾನಗರದಲ್ಲಲ್ಲ. ಊರೂ ಅಲ್ಲದ ನಗರವೂ ಅಲ್ಲದ ಬಿಡದಿಯಂತಹ ಕೈಗಾರಿಕಾ ಪ್ರದೇಶದಲ್ಲಿ. ಹಳೆಯ ಕ್ರಮದಲ್ಲಿ ಪ್ರತಿಯೊಂದು ಪರಿಚಯಕ್ಕೂ ಒಬ್ಬ ಮೂರನೆಯವನು ಹೊಣೆಯಾಗಿದ್ದನು. ಹೊಸ ಕ್ರಮವು ಆ ಮೂರನೆಯವನನ್ನು ತೆಗೆದುಹಾಕಿ ಅವನ ಸ್ಥಾನದಲ್ಲಿ ಕಿಲೋಮೀಟರುಗಳ ಲೆಕ್ಕವನ್ನು ಇರಿಸಿದೆ. ಕಳಚಿದ ಆ ಹೊಣೆ ಯಾರ ಹೆಗಲಿಗೆ ಬಿದ್ದಿದೆ ಎಂಬುದನ್ನು ನಾವು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

2

ಮೊದಲು ಸ್ಥಳದ ವಿಚಾರ. ಬಿಡದಿಯು ಬೆಂಗಳೂರಿಗೆ ನೈಋತ್ಯದಲ್ಲಿ, ಮೈಸೂರಿಗೆ ಹೋಗುವ ಹೆದ್ದಾರಿಯ ಮೇಲೆ, ಸುಮಾರು 30 ಕಿಲೋಮೀಟರು ದೂರದಲ್ಲಿದೆ. 1882ರ ವೇಳೆಗೆ ಪೂರ್ಣಗೊಂಡ ಬೆಂಗಳೂರು-ಮೈಸೂರು ರೈಲು ಮಾರ್ಗವೂ ಇದೇ ಊರಿನ ಮೂಲಕ ಹಾದುಹೋಯಿತು. ದೀರ್ಘ ಕಾಲ ಇದು ರಾಗಿ, ರೇಷ್ಮೆ ಮತ್ತು ತಟ್ಟೆ ಇಡ್ಲಿಗೆ ಹೆಸರಾದ ದಾರಿಯೂರಾಗಿತ್ತು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದ ಅಡಿಯಲ್ಲಿ ಸರ್ಕಾರವು ಇಲ್ಲಿನ ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಕೈಗಾರಿಕೆಗಳಿಗೆ ಹಂಚಿದ ತರುವಾಯ ಅದರ ಸ್ವರೂಪವೇ ಬೇರೆಯಾಯಿತು. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1999ರ ಅಂತ್ಯದಲ್ಲಿ ಇಲ್ಲಿ ವಾಹನಗಳ ತಯಾರಿಕೆಯನ್ನು ಆರಂಭಿಸಿತು. ಬಿಡಿಭಾಗಗಳ ಕಾರ್ಖಾನೆಗಳು ಅದರ ಹಿಂದೆಯೇ ಬಂದವು. 2005ರಲ್ಲಿ ವಂಡರ್‌ಲಾ ಮನೋರಂಜನಾ ಉದ್ಯಾನ ತೆರೆಯಿತು. ಬಾಷ್ ಸಂಸ್ಥೆ 2010ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿದ್ದ ತನ್ನ ತಯಾರಿಕೆಯನ್ನು ಇಲ್ಲಿಗೆ ವರ್ಗಾಯಿಸಿತು. ಆಡಳಿತದ ಹೆಸರುಗಳೂ ಬದಲಾದವು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು; 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರನ್ನು ಇಡಲಾಯಿತು.

ಈ ಪ್ರದೇಶದಲ್ಲಿ ಇಂದು ಮೂರು ಬಗೆಯ ಜನರು ಒಟ್ಟಿಗೆ ಬಾಳುತ್ತಿದ್ದಾರೆ. ಭೂಮಿಯನ್ನು ಬಿಟ್ಟುಕೊಟ್ಟು, ಆ ಹಣದಿಂದ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿರುವ ಮೂಲ ಗ್ರಾಮಸ್ಥರು ಮೊದಲನೆಯವರು. ಕರ್ನಾಟಕದ ಇತರ ಜಿಲ್ಲೆಗಳಿಂದ ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಬಂದ ತರುಣ ತರುಣಿಯರು ಎರಡನೆಯವರು. ಒಡಿಶಾ, ಬಿಹಾರ, ಅಸ್ಸಾಂ ಮೊದಲಾದ ರಾಜ್ಯಗಳಿಂದ ಕಂಟ್ರಾಕ್ಟ್ ಕೆಲಸಕ್ಕೆ ಬಂದವರು ಮೂರನೆಯವರು. ಇವರ ನಡುವೆ ‘ಸ್ಥಳೀಯರು’ ಎಂಬ ಮಾತಿಗೆ ರಾಜಕೀಯವಾದ ತೂಕವಿದೆ. 1983ರಲ್ಲಿ ಸರ್ಕಾರ ನೇಮಿಸಿದ ಸರೋಜಿನಿ ಮಹಿಷಿ ಸಮಿತಿಯ ಕಾಲದಿಂದಲೂ, ಕಾರ್ಖಾನೆಯ ಕೆಲಸ ಯಾರಿಗೆ ಸಲ್ಲಬೇಕೆಂಬ ಚರ್ಚೆಯು ಈ ಪದವನ್ನೇ ಕೇಂದ್ರವಾಗಿಟ್ಟುಕೊಂಡು ನಡೆದಿದೆ. ಹೀಗಾಗಿ ಬಿಡದಿಯಲ್ಲಿ ಸ್ಥಳೀಯನೆಂದರೆ ಹತ್ತಿರದಲ್ಲಿ ವಾಸಿಸುವವನೆಂದು ಮಾತ್ರ ಅರ್ಥವಲ್ಲ. ಇಂಥ ಊರಿನ ಇಂಥವರ ಮಗನೆಂದು ಗುರುತಿಸಬಲ್ಲವನೆಂದು ಅರ್ಥ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಆ್ಯಪ್‌ಗೆ ಈ ಭೇದ ತಿಳಿಯದು.

3

ಹಳೆಯ ಮೈಸೂರು ಸೀಮೆಯಲ್ಲಿ ಗಂಡು ಹೆಣ್ಣಿನ ಪರಿಚಯಕ್ಕೆ ಹೊಸದಾಗಿ ಏರ್ಪಾಡು ಮಾಡಬೇಕಾದ ಸಂದರ್ಭ ವಿರಳವಾಗಿತ್ತು. ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು, ಇವರನ್ನು ತಂದುಕೊಳ್ಳುವ ಪದ್ಧತಿ ಅನೇಕ ಜಾತಿಗಳಲ್ಲಿ ರೂಢಿಯಲ್ಲಿತ್ತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬವನ್ನು ಕುರಿತು 1942ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದ ವಸ್ತು ಇಂತಹ ಆಚಾರಗಳೇ. ವಧೂವರರು ಹುಟ್ಟಿನಿಂದಲೇ ಪರಸ್ಪರ ಬಲ್ಲವರಾಗಿರುವಾಗ ಪರಿಚಯದ ಪ್ರಶ್ನೆಯೇ ಏಳುವುದಿಲ್ಲ. ನೆಂಟಸ್ತಿಕೆಯ ಆಚೆಗೆ ಸಂಬಂಧ ಹುಡುಕಬೇಕಾದಾಗ ಮಧ್ಯಸ್ಥನೊಬ್ಬನು ಬರುತ್ತಿದ್ದನು. ಅವನು ಬಂಧುವಾಗಿರಬಹುದು, ಪುರೋಹಿತನಾಗಿರಬಹುದು, ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿಯಾಗಿರಬಹುದು. ಮಾಗಡಿ ರಂಗನಾಥಸ್ವಾಮಿಯ ತೇರು, ಕಬ್ಬಾಳಮ್ಮನ ಜಾತ್ರೆ ಮುಂತಾದ ಸಂದರ್ಭಗಳಲ್ಲಿ ಯುವಕ ಯುವತಿಯರು ಒಬ್ಬರನ್ನೊಬ್ಬರು ನೋಡುವುದಕ್ಕೆ ಅವಕಾಶವಿದ್ದಿತು. ಆದರೆ ಅಲ್ಲಿಯೂ ಸುತ್ತಲೂ ಊರಿನ ಕಣ್ಣುಗಳಿದ್ದವು.

ಈ ಮಧ್ಯಸ್ಥನು ಸತ್ಯಸಂಧನಾಗಿದ್ದನೆಂದು ನಾವು ಹೇಳುವುದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಿಸಬೇಕೆಂಬ ಗಾದೆಯೇ ಅವನ ನಡತೆಗೆ ಸಾಕ್ಷಿ. ಅವನ ಗುಣ ಬೇರೊಂದು. ಸುಳ್ಳು ಬಯಲಾದಾಗ ಹೋಗಿ ಕೇಳಲು ಅವನ ಮನೆಯ ಜಗಲಿ ಇದ್ದೇ ಇರುತ್ತಿತ್ತು. ಅವನು ಊರು ಬಿಟ್ಟು ಹೋಗುವಂತಿರಲಿಲ್ಲ. ನಾಳೆಯೂ ಅದೇ ಅರಳಿಕಟ್ಟೆಯಲ್ಲಿ ಕೂರಬೇಕಾದವನು. ಹೊಣೆಯೆಂಬುದರ ನಿಜವಾದ ಅರ್ಥ ಇದು: ಮಾತು ಸತ್ಯವಾಗಿಯೇ ಇರುತ್ತದೆಂಬ ಭರವಸೆಯಲ್ಲ, ಮಾತಿಗೆ ಉತ್ತರ ಹೇಳುವವನು ಕೈಗೆ ಸಿಕ್ಕುತ್ತಾನೆಂಬ ಭರವಸೆ.

ಈ ಹೊಣೆಗಾರಿಕೆಗೆ ತೆರಬೇಕಾಗಿದ್ದ ಬೆಲೆ ಅಲ್ಪವಾದುದಲ್ಲ. ಮಧ್ಯಸ್ಥನ ಓಡಾಟ ಜಾತಿಯ ಎಲ್ಲೆಯನ್ನು ದಾಟುತ್ತಿರಲಿಲ್ಲ. ಹೆಣ್ಣಿನ ಒಪ್ಪಿಗೆಯನ್ನು ಕೇಳುವುದು ಅವನ ಕೆಲಸವಾಗಿರಲಿಲ್ಲ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯಲು ಮೈಸೂರು ಸಂಸ್ಥಾನವು 1894ರಲ್ಲಿ ಒಂದು ಶಾಸನವನ್ನೇ ಮಾಡಬೇಕಾಗಿ ಬಂದಿತು ಎಂಬುದನ್ನು ನೆನೆದರೆ, ಆ ಕಾಲದ ಪರಿಚಯಗಳಲ್ಲಿ ಹೆಣ್ಣಿನ ಇಚ್ಛೆಗೆ ಇದ್ದ ಸ್ಥಾನ ಸ್ಪಷ್ಟವಾಗುತ್ತದೆ. ಆದುದರಿಂದ ಹಳೆಯ ಕ್ರಮವನ್ನು ಹಾಡಿ ಹೊಗಳುವುದು ನಮ್ಮ ಉದ್ದೇಶವಲ್ಲ.

ಈ ಕ್ರಮ ಸಡಿಲಗೊಂಡುದಕ್ಕೆ ದುಡಿಮೆಯ ಬದಲಾವಣೆ ಮುಖ್ಯ ಕಾರಣ. ಟಿ. ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ವಿದುಷಿ 1950ರ ದಶಕದಲ್ಲಿ ಮಂಡ್ಯದ ಸಮೀಪದ ಎರಡು ಹಳ್ಳಿಗಳನ್ನು ಅಭ್ಯಸಿಸಿ 1962ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ನಾಲೆಯ ನೀರು ಬಂದ ಹಳ್ಳಿಯಲ್ಲಿ ಹಳೆಯ ಸಂಬಂಧಗಳು ಬಹುಮಟ್ಟಿಗೆ ಉಳಿದುಕೊಂಡವು; ನೀರು ಸಿಗದೆ ಜನರು ಹೊರಗಿನ ದುಡಿಮೆಗೆ ಹೋಗಬೇಕಾದ ಹಳ್ಳಿಯಲ್ಲಿ ಅವು ಹೆಚ್ಚು ಬದಲಾದವು ಎಂಬುದು ಅವರ ನಿರ್ಣಯದ ತಿರುಳು. ಬಿಡದಿಯಲ್ಲಿ ದುಡಿಮೆಯೇ ಊರಿನ ಬಾಗಿಲಿಗೆ ಬಂದಿತು. ಅದರೊಂದಿಗೆ ಹೊರಗಿನವರೂ ಬಂದರು. ಜೊತೆಗೆ 1978ರ ತಿದ್ದುಪಡಿಯಿಂದ ಮದುವೆಯ ಕನಿಷ್ಠ ವಯಸ್ಸು ಹೆಣ್ಣಿಗೆ 18, ಗಂಡಿಗೆ 21 ಎಂದಾಯಿತು. ಓದು ಮುಗಿಸಿ, ಸಂಬಳ ತರುತ್ತ, ಇನ್ನೂ ಅವಿವಾಹಿತರಾಗಿ, ತಂದೆತಾಯಿಯರಿಂದ ದೂರ ಪಿ.ಜಿ.ಯಲ್ಲೋ ಬಾಡಿಗೆ ಕೊಠಡಿಯಲ್ಲೋ ವಾಸಿಸುವ ಒಂದು ಹೊಸ ವಯೋವರ್ಗ ಹುಟ್ಟಿಕೊಂಡಿತು. ಇವರಿಗೆ ಪರಿಚಯ ಮಾಡಿಸಿಕೊಡುವ ಜಗಲಿಯ ಮಧ್ಯಸ್ಥರು ಯಾರೂ ಇರಲಿಲ್ಲ.

4

ಆ ತೆರವಾದ ಸ್ಥಾನಕ್ಕೆ ಯಂತ್ರವು ಒಮ್ಮೆಲೇ ಬಂದುದಲ್ಲ. ಮೊದಲು ಪತ್ರಿಕೆಗಳ ವಧೂವರ ಜಾಹೀರಾತುಗಳು, ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ವೈವಾಹಿಕ ವೆಬ್‌ಸೈಟುಗಳು ಬಂದವು. ಇವು ಮಧ್ಯಸ್ಥನ ಕೆಲಸವನ್ನು ವಿಸ್ತರಿಸಿದವೇ ಹೊರತು ಅದರ ತತ್ತ್ವವನ್ನು ಬದಲಿಸಲಿಲ್ಲ. ಜಾತಿ, ಗೋತ್ರ, ನಕ್ಷತ್ರಗಳ ಕಾಲಂಗಳು ಹಾಗೆಯೇ ಉಳಿದವು, ವಿಚಾರಣೆ ಮಾಡುವವರು ತಂದೆತಾಯಿಯರೇ ಆಗಿದ್ದರು.

ಬೇರೊಂದು ಧಾರೆ ಅಮೆರಿಕಾದಲ್ಲಿ ಆರಂಭವಾಯಿತು. 1965ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಆಪರೇಷನ್ ಮ್ಯಾಚ್’ ಎಂಬ ಹೆಸರಿನಲ್ಲಿ ಪ್ರಶ್ನಾವಳಿಗಳನ್ನು ಹಂಚಿ, ಮೂರು ಡಾಲರು ಶುಲ್ಕ ಪಡೆದು, ಉತ್ತರಗಳನ್ನು ಕಂಪ್ಯೂಟರಿನಿಂದ ಹೋಲಿಸಿ, ಹೊಂದುವ ಹೆಸರುಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅಲ್ಲಿ ಹೋಲಿಕೆಯ ಆಧಾರ ಅಭಿರುಚಿಯಾಗಿತ್ತು. 2009ರಲ್ಲಿ ಪುರುಷರನ್ನು ಬಯಸುವ ಪುರುಷರಿಗಾಗಿ ಬಂದ ಗ್ರೈಂಡರ್ ಆ್ಯಪ್ ಫೋನಿನ ಜಿ.ಪಿ.ಎಸ್. ಅನ್ನು ಬಳಸಿ ಸಾಮೀಪ್ಯವನ್ನೇ ಆಧಾರವಾಗಿಸಿತು. 2012ರಲ್ಲಿ ಬಂದ ಟಿಂಡರ್ ಆ ತತ್ತ್ವವನ್ನು ಸರ್ವಸಾಮಾನ್ಯಗೊಳಿಸಿತು. ಭಾರತದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಇಂಟರ್‌ನೆಟ್ ಅಗ್ಗವಾದ ಮೇಲೆ ಇಂತಹ ಆ್ಯಪ್‌ಗಳು ಕಾರ್ಮಿಕನ ಫೋನಿಗೂ ತಲುಪಿದವು. 2018ರ ಡಿಸೆಂಬರಿನಲ್ಲಿ ಬಂಬಲ್ ಭಾರತಕ್ಕೆ ಬಂದಿತು; ಸ್ತ್ರೀಪುರುಷರ ಜೋಡಿಯಲ್ಲಿ ಮೊದಲ ಮಾತು ಸ್ತ್ರೀಯದೇ ಆಗಿರಬೇಕೆಂಬುದು ಆಗ ಅದರ ವಿಶೇಷ ನಿಯಮವಾಗಿತ್ತು. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ಐಲ್ ಎಂಬ ಸಂಸ್ಥೆಯು ಮಲಯಾಳ, ತಮಿಳು, ತೆಲುಗು ನುಡಿಗಳವರಿಗೆ ಪ್ರತ್ಯೇಕ ಆ್ಯಪ್‌ಗಳನ್ನು ತಂದುದಲ್ಲದೆ, ಕನ್ನಡಿಗರಿಗಾಗಿ ‘ನೀನೇ’ ಎಂಬುದನ್ನೂ ತಂದಿತು. ಮಾರುಕಟ್ಟೆಯು ನಮ್ಮ ನುಡಿಯನ್ನೇ ಪರಿಚಯದ ಸಾಧನವಾಗಿ ಎಣಿಸಿದೆ ಎಂಬುದಕ್ಕೆ ಇದು ನಿದರ್ಶನ.

5

ಈ ಆ್ಯಪ್‌ಗಳ ಕಾರ್ಯಕ್ರಮ ಸರಳವಾದುದು. ಬಳಸುವವರು ಹೆಸರು, ವಯಸ್ಸು, ಕೆಲವು ಭಾವಚಿತ್ರಗಳು ಮತ್ತು ನಾಲ್ಕು ಸಾಲಿನ ವಿವರಣೆಯನ್ನು ಕೊಟ್ಟು ಪ್ರೊಫೈಲ್ ಸಿದ್ಧಪಡಿಸುತ್ತಾರೆ. ಎಷ್ಟು ದೂರದೊಳಗಿನವರು ಬೇಕೆಂದು ಸೂಚಿಸುತ್ತಾರೆ. ಆ ವೃತ್ತದೊಳಗಿನವರ ಪ್ರೊಫೈಲುಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತವೆ. ಬಲಕ್ಕೆ ಸರಿಸಿದರೆ ಒಪ್ಪಿಗೆ, ಎಡಕ್ಕೆ ಸರಿಸಿದರೆ ನಿರಾಕರಣೆ. ಇಬ್ಬರೂ ಒಪ್ಪಿದರೆ ಮಾತ್ರ ಮಾತಿನ ಬಾಗಿಲು ತೆರೆಯುತ್ತದೆ. ಈ ಕೊನೆಯ ನಿಯಮವು ನಿಜವಾಗಿಯೂ ಗಮನಾರ್ಹ. ಹಳೆಯ ಮಧ್ಯಸ್ಥನು ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು, ಎಂದರೆ ಹೆಣ್ಣಿನ ಒಪ್ಪಿಗೆಯನ್ನು, ಇದು ಮೊದಲ ಹೆಜ್ಜೆಯಲ್ಲಿಯೇ ಕೇಳುತ್ತದೆ.

ಆದರೆ ವೃತ್ತವನ್ನು ಬಿಡದಿಯ ಮೇಲೆ ಇಟ್ಟು ನೋಡೋಣ. ತ್ರಿಜ್ಯವನ್ನು 40 ಕಿಲೋಮೀಟರು ಎಂದಿಟ್ಟರೆ ಬೆಂಗಳೂರಿನ ಬಹುಭಾಗ ಅದರೊಳಗೆ ಬಂದು, ಪರದೆಯ ತುಂಬ ನಗರದ ಮುಖಗಳೇ ಕಾಣುತ್ತವೆ. ವೃತ್ತಕ್ಕೆ ರಸ್ತೆಯ ಪರಿವೆಯಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದ ಮುಖ್ಯ ಪಥಗಳಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕು ಮಾತ್ರ ಇರುವವನು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ. ಪಾಳಿಯಲ್ಲಿ ದುಡಿಯುವವರಿಗೆ ಬಿಡುವು ಸಿಗುವ ಹೊತ್ತಿಗೆ ನಗರದವರಿಗೆ ಬಿಡುವಿರುವುದಿಲ್ಲ. ಹೀಗಾಗಿ ದೊಡ್ಡ ವೃತ್ತ ಕೇವಲ ನೋಡುವುದಕ್ಕಾಯಿತು. ಭೇಟಿಗಾಗಿ ತ್ರಿಜ್ಯವನ್ನು ಐದು ಕಿಲೋಮೀಟರಿಗೆ ಇಳಿಸಬೇಕಾಗುತ್ತದೆ.

ಇಳಿಸಿದಾಗ ಒದಗುವ ಕಷ್ಟ ಬೇರೆ. ಲಕ್ಷಾಂತರ ಜನರ ನಡುವೆ ಅಡಗಿಸುವ ದೂರವು ಕೆಲವೇ ಜನರ ನಡುವೆ ಗುರುತಾಗಿಬಿಡುತ್ತದೆ. ಒಂದು ಹೆಸರು, ಒಂದು ವಯಸ್ಸು, ಹಿನ್ನೆಲೆಯಲ್ಲಿ ಕಾಣುವ ಒಂದು ತಾರಸಿ, ‘ಒಂದು ಕಿಲೋಮೀಟರು ದೂರ’ ಎಂಬ ಸೂಚನೆ ಇವಿಷ್ಟೇ ಸಾಕು, ಅವಳು ಯಾರ ಮನೆಯ ಬಾಡಿಗೆಯವಳು, ಯಾವ ಕಾರ್ಖಾನೆಯ ಬಸ್ಸಿನಲ್ಲಿ ಹೋಗುವವಳು ಎಂಬುದು ಗೊತ್ತಾಗಲು. ದೂರದ ಲೆಕ್ಕವೇ ಎಷ್ಟು ಅಪಾಯಕಾರಿಯಾಗಬಲ್ಲುದು ಎಂಬುದನ್ನು 2014ರಲ್ಲಿ ಅಮೆರಿಕಾದ ಭದ್ರತಾ ತಜ್ಞರು ತೋರಿಸಿಕೊಟ್ಟರು: ಆಗ ಟಿಂಡರ್ ತನ್ನ ಒಳಮಾಹಿತಿಯಲ್ಲಿ ನಿಖರವಾದ ದೂರವನ್ನು ಕಳುಹಿಸುತ್ತಿತ್ತು, ಮೂರು ಬೇರೆ ಬೇರೆ ಸ್ಥಳಗಳಿಂದ ಆ ದೂರವನ್ನು ಅಳೆದು ಮೂರು ವೃತ್ತಗಳನ್ನು ಎಳೆದರೆ, ಅವು ಕೂಡುವ ಬಿಂದುವೇ ಆ ವ್ಯಕ್ತಿ ಇರುವ ಸ್ಥಳ. ಆ ಲೋಪವನ್ನು ಸಂಸ್ಥೆ ಸರಿಪಡಿಸಿತು. ಆದರೆ ಸಣ್ಣ ಊರಿನಲ್ಲಿ ಈ ರೇಖಾಗಣಿತ ಬೇಕಾಗಿಯೇ ಇಲ್ಲ. ಊರಿನ ನೆನಪೇ ಅದರ ಕೆಲಸವನ್ನು ಮಾಡುತ್ತದೆ.

ಇಲ್ಲಿ ಒಂದು ವೈಪರೀತ್ಯವನ್ನು ನಾವು ಕಾಣುತ್ತೇವೆ. ಊರಿನ ಕಣ್ಣು ಹಾಗೆಯೇ ಉಳಿದಿದೆ, ಊರಿನ ಹೊಣೆ ಮಾತ್ರ ಹೋಗಿದೆ. ಹಳೆಯ ಕ್ರಮದಲ್ಲಿ ನೋಡುವವರೂ ಉತ್ತರ ಹೇಳುವವರೂ ಒಬ್ಬರೇ ಆಗಿದ್ದರು. ಹೊಸ ಕ್ರಮದಲ್ಲಿ ಮನೆಯ ಮಾಲೀಕನ ಮಗನೂ ನೋಡಬಲ್ಲನು, ಪಾಳಿಯ ಸೂಪರ್‌ವೈಸರೂ ನೋಡಬಲ್ಲನು, ಊರಿನಿಂದ ಬಂದ ದೊಡ್ಡಪ್ಪನ ಮಗನೂ ನೋಡಬಲ್ಲನು. ಹೊಣೆ ಹೊರುವವರು ಇವರಲ್ಲಿ ಯಾರೂ ಅಲ್ಲ.

6

ಈ ಹೊರೆ ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. ತರುಣನ ಪ್ರೊಫೈಲ್ ಗೆಳೆಯರ ಕಣ್ಣಿಗೆ ಬಿದ್ದರೆ ಅದು ಕ್ಯಾಂಟೀನಿನ ನಗೆಚಾಟಿಕೆಯಲ್ಲಿ ಮುಗಿಯುತ್ತದೆ. ತರುಣಿಯದು ಬಿದ್ದರೆ ಕೊಠಡಿ ಖಾಲಿ ಮಾಡಬೇಕಾಗಬಹುದು, ಊರಿಗೆ ಸುದ್ದಿ ಹೋಗಬಹುದು, ಕೆಲಸ ಬಿಡಿಸಿ ಮದುವೆಗೆ ಆತುರಪಡಿಸಬಹುದು. 2023ರಲ್ಲಿ ಕರ್ನಾಟಕವು ಕಾರ್ಖಾನೆಗಳ ಅಧಿನಿಯಮಕ್ಕೆ ತಿದ್ದುಪಡಿ ತಂದು, ರಕ್ಷಣೆಯ ನಿಬಂಧನೆಗಳೊಡನೆ ಮಹಿಳೆಯರ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ರಾತ್ರಿ ದುಡಿಯಲು ನಂಬಿಗಸ್ತಳೆನಿಸಿದವಳು ಸಂಜೆ ಒಬ್ಬನೊಡನೆ ಕಾಫಿ ಕುಡಿಯುವಷ್ಟು ನಂಬಿಗಸ್ತಳಲ್ಲವೆಂದು ಸಮಾಜ ತಿಳಿಯುವುದಾದರೆ, ಆ ಅಸಂಗತಿಯನ್ನು ಕುರಿತು ಅಧ್ಯಾಪಕರು ತರಗತಿಯಲ್ಲಿ ಮಾತನಾಡುವುದು ಅವಶ್ಯಕ.

ಅದಾಗ್ಯೂ, ಹಳೆಯ ಕ್ರಮದಲ್ಲಿ ಯಾವ ಮಧ್ಯಸ್ಥನೂ ಸಿಗದಿದ್ದವರಿಗೆ ಈ ಸಾಧನವೊಂದೇ ಬಾಗಿಲಾಗಿದೆ ಎಂಬುದನ್ನು ಮರೆಯಬಾರದು. ಗಂಡನನ್ನು ಕಳೆದುಕೊಂಡವರು, ವಿಚ್ಛೇದಿತರು, ಜಾತಿಯ ಹೊರಗೆ ಒಡನಾಡಬಯಸುವವರು, ನುಡಿ ಬಾರದ ನಾಡಿನಲ್ಲಿ ಒಂಟಿಯಾಗಿ ದುಡಿಯುವವರು ಇದಕ್ಕೆ ನಿದರ್ಶನ. ಸಲಿಂಗ ಪ್ರೇಮಿಗಳ ಪರಸ್ಪರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಸರ್ವೋಚ್ಚ ನ್ಯಾಯಾಲಯ ತೆಗೆದುಹಾಕಿದುದು 2018ರ ಸೆಪ್ಟೆಂಬರ್ 6ರಂದು. ಅಂಥವರಿಗೆ ಅರಳಿಕಟ್ಟೆಯ ಮಧ್ಯಸ್ಥನು ಎಂದೂ ಇರಲಿಲ್ಲ. ಆದರೆ ಗುರುತು ಬಯಲಾಗುವ ಭಯವೂ ಅವರಿಗೇ ಹೆಚ್ಚು; ಅದೇ ಭಯವನ್ನು ಬಂಡವಾಳ ಮಾಡಿಕೊಂಡು ಹಣ ಕೀಳುವ ವಂಚಕರಿಗೆ ಅವರು ಸುಲಭವಾಗಿ ತುತ್ತಾಗುತ್ತಾರೆ.

7

ಹಾಗಾದರೆ ಈಗ ಹೊಣೆಯಾಗಿ ನಿಲ್ಲುವವರು ಯಾರು? ಒಂದು ಮಟ್ಟಿಗೆ ಕಾನೂನು ನಿಂತಿದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66-ಡಿ ಪ್ರಕರಣವು ಕಂಪ್ಯೂಟರ್ ಸಾಧನದ ಮೂಲಕ ಬೇರೊಬ್ಬನಂತೆ ನಟಿಸಿ ವಂಚಿಸುವುದನ್ನೂ, 66-ಇ ಪ್ರಕರಣವು ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದನ್ನೂ ಹರಡುವುದನ್ನೂ ದಂಡಿಸುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಪ್ರಕರಣದಂತೆ, ಸ್ತ್ರೀಯೊಬ್ಬಳು ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪುರುಷನು ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸುವುದು ಅಪರಾಧ. ಅದೇ ಸಂಹಿತೆಯ 69ನೆಯ ಪ್ರಕರಣವು ಮೋಸದಿಂದ ಸ್ತ್ರೀಯೊಡನೆ ಲೈಂಗಿಕ ಸಂಬಂಧ ಬೆಳೆಸುವುದನ್ನು ಶಿಕ್ಷಿಸುತ್ತದೆ. ನೆರವೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಡುವುದೂ, ಕೆಲಸ ಅಥವಾ ಬಡ್ತಿಯ ಸುಳ್ಳು ಆಸೆ ತೋರಿಸುವುದೂ ಇದರಲ್ಲಿ ಸೇರಿವೆ. ಕೈಗಾರಿಕಾ ಪ್ರದೇಶದ ಕಂಟ್ರಾಕ್ಟ್ ನೌಕರಳಿಗೆ ಈ ಕೊನೆಯ ಮಾತು ವಿಶೇಷವಾಗಿ ತಿಳಿದಿರಬೇಕು. ಕೆಲಸದ ಸ್ಥಳದ ಮೇಲಧಿಕಾರಿಯು ಆ್ಯಪ್‌ನಲ್ಲಿ ಕಂಡುದನ್ನು ಹಿಡಿದು ಪೀಡಿಸಿದರೆ, 2013ರ ಅಧಿನಿಯಮದಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯಲ್ಲಿ ಇರಲೇಬೇಕಾದ ಆಂತರಿಕ ಸಮಿತಿಗೆ ದೂರು ಕೊಡಬಹುದು. ಹಣದ ವಂಚನೆಯಾದ ಕೂಡಲೇ 1930ಕ್ಕೆ ಕರೆ ಮಾಡಬೇಕು; ತಡವಾದಷ್ಟೂ ಹಣ ಕೈತಪ್ಪುತ್ತದೆ.

ಆದರೆ ಕಾನೂನು ಬರುವುದು ಕೆಡುಕಾದ ಮೇಲೆ. ಮಧ್ಯಸ್ಥನು ಬರುತ್ತಿದ್ದುದು ಮೊದಲು. ಆ ಮೊದಲಿನ ಹೊಣೆಯನ್ನು ಆ್ಯಪ್‌ಗಳು ಭಾವಚಿತ್ರದ ಪರಿಶೀಲನೆಯಿಂದ ತುಂಬಲು ಯತ್ನಿಸುತ್ತಿವೆ. ಅದರಿಂದ ಮುಖವು ಅವನದೇ ಎಂದು ತಿಳಿದೀತು. ಅವನ ಮನಸ್ಸು ತಿಳಿಯದು, ಅವನು ಈಗಾಗಲೇ ವಿವಾಹಿತನೇ ಎಂಬುದೂ ತಿಳಿಯದು. ಆದುದರಿಂದ ಎಚ್ಚರವುಳ್ಳ ತರುಣಿಯರು ಅನುಸರಿಸುವ ಕ್ರಮವೇ ನಮಗೆ ಮುಖ್ಯವಾಗಿ ತೋರುತ್ತದೆ. ಭೇಟಿಗೆ ಮೊದಲು ವಿಡಿಯೊ ಕರೆಯಲ್ಲಿ ಮಾತನಾಡುವುದು. ಹಣ ಕೇಳಿದವರೊಡನೆ, ಎಷ್ಟೇ ಕಷ್ಟ ಹೇಳಿಕೊಂಡರೂ, ಮಾತು ನಿಲ್ಲಿಸುವುದು. ಕೊಠಡಿ ಅಥವಾ ಕಾರ್ಖಾನೆಯ ಗುರುತು ಸಿಗುವ ಚಿತ್ರ ಹಾಕದಿರುವುದು. ಮೊದಲ ಭೇಟಿಯನ್ನು ಹೆದ್ದಾರಿಯ ತಟ್ಟೆ ಇಡ್ಲಿ ಹೋಟೆಲು, ರಾಮನಗರದ ಬಳಿಯ ಜಾನಪದ ಲೋಕ ಮುಂತಾದ ಜನರಿರುವ ಸ್ಥಳದಲ್ಲಿ, ಹಗಲಿನಲ್ಲಿ ಇಟ್ಟುಕೊಳ್ಳುವುದು. ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂಬುದನ್ನು ಕೊಠಡಿಯ ಗೆಳತಿಗೆ ತಿಳಿಸಿ ಹೋಗುವುದು.

ಈ ಕೊನೆಯ ಸಂಗತಿಯಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಒಂದು ಪಾಠವಿದೆ. ಯಂತ್ರವು ತೆಗೆದುಹಾಕಿದ ಮೂರನೆಯವನು ಕೊಠಡಿಯ ಗೆಳತಿಯ ರೂಪದಲ್ಲಿ ಹಿಂದಿರುಗಿದ್ದಾನೆ. ಆದರೆ ಈ ಸಲ ಜಾತಿಯನ್ನು ಕಾಯುವುದಕ್ಕಲ್ಲ. ಹೋದವಳು ಕ್ಷೇಮವಾಗಿ ಹಿಂದಿರುಗಿದಳೇ ಎಂದು ಕಾಯುವುದಕ್ಕೆ. ಈ ಗೆಳತಿಯೂ ಹೆಚ್ಚು ಕಡಮೆ ಅದೇ ವಯಸ್ಸಿನ, ಅದೇ ಸಂಬಳದ, ಅದೇ ಭಯದ ಹುಡುಗಿ. ಇಡೀ ಸಮಾಜ ಹೊರಬೇಕಾದ ಹೊಣೆಯನ್ನು ಅವಳೊಬ್ಬಳ ಮೇಲೆ ಬಿಡುವುದು ನ್ಯಾಯವಲ್ಲ. ಕಾಲೇಜುಗಳೂ, ತರಬೇತಿ ಸಂಸ್ಥೆಗಳೂ, ಮಹಿಳಾ ವಸತಿಗೃಹಗಳೂ ಅದರಲ್ಲಿ ಪಾಲು ತೆಗೆದುಕೊಳ್ಳಬೇಕು. ತೊಂದರೆಗೆ ಸಿಕ್ಕಿದವಳು ಬಂದು ಹೇಳಿದಾಗ, ನೀನು ಆ ಆ್ಯಪ್‌ಗೆ ಏಕೆ ಹೋದೆ ಎಂದು ಮೊದಲು ಕೇಳುವ ಅಧ್ಯಾಪಕರ ಬಳಿಗೆ ಎರಡನೆಯವಳು ಬರುವುದಿಲ್ಲ.

ನಮ್ಮ ವಿದ್ಯಾರ್ಥಿಗಳು ಈ ವಿಷಯವನ್ನು ಅಭ್ಯಾಸಕ್ಕೆ ಎತ್ತಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಮನೆಯ ಲಗ್ನಪತ್ರಿಕೆಗಳು, ಹಿರಿಯರ ನೆನಪುಗಳು, ಹಳೆಯ ಪತ್ರಿಕೆಗಳ ವಧೂವರ ಜಾಹೀರಾತುಗಳು ಇವೆಲ್ಲವೂ ಆಧಾರಗಳೇ. ಅಜ್ಜಿಗೆ ಅಜ್ಜನನ್ನು ತೋರಿಸಿದವರು ಯಾರು, ತಾಯಿಗೆ ತಂದೆಯನ್ನು ತೋರಿಸಿದವರು ಯಾರು ಎಂದು ಕೇಳಿ ಬರೆದುಕೊಂಡರೆ ಮೂರು ತಲೆಮಾರುಗಳ ಹೊಣೆಯ ಚರಿತ್ರೆ ಒಂದೇ ಮನೆಯಲ್ಲಿ ದೊರಕುತ್ತದೆ. ಹೀಗೆ ಸಂಗ್ರಹಿಸುವಾಗ ಜೀವಂತ ವ್ಯಕ್ತಿಗಳ ಹೆಸರನ್ನೂ ಗುರುತನ್ನೂ ಗುಪ್ತವಾಗಿಡುವುದು ಸಂಗ್ರಾಹಕನ ಮೊದಲ ಕರ್ತವ್ಯ. ಈ ವಿಷಯದಲ್ಲಿ ಅವನೂ ಒಬ್ಬ ಹೊಣೆಗಾರನೇ.